ಬೆಳಗಾವಿಯಲ್ಲಿ ಕೂತು ಕ್ವಾಂಟಮ್ ಕಂಪೈಲರ್ ಕಟ್ಟುವುದು: ಮೊದಲ ಕಡತದಿಂದ ಬಿಡುಗಡೆಯವರೆಗೆ

ಸೂಪರ್‌ಕಂಡಕ್ಟಿಂಗ್ ಬಗೆಯ ಕ್ವಾಂಟಮ್ ಕಂಪ್ಯೂಟರ್ ಕಟ್ಟಬೇಕೆಂದರೆ ಹತ್ತಿಪ್ಪತ್ತು ಮಿಲಿಕೆಲ್ವಿನ್ ತನಕ ತಣಿಸುವ ಯಂತ್ರ, ಮೈಕ್ರೋವೇವ್ ಉಪಕರಣ, ಕೋಟಿಗಟ್ಟಲೆ ರೊಕ್ಕ ಬೇಕು. ಅದಕ್ಕೆ ಕಂಪೈಲರ್, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸುವ ತಂತ್ರಾಂಶ, ಬರೆಯಲು ಅದ್ಯಾವುದೂ ಬೇಡ. 16 ಜಿಬಿ ರ‍್ಯಾಮ್ ಇರುವ ಒಂದು ಲ್ಯಾಪ್‌ಟಾಪ್, ಮ್ಯಾಟ್ರಿಕ್ಸ್ ಮತ್ತು ಗ್ರಾಫ್ ಚೆನ್ನಾಗಿ ಗೊತ್ತಿರುವ ಮೂರ್ನಾಲ್ಕು ಜನ, ಕರೆಂಟ್ ಹೋದಾಗ ಬಿಲ್ಡ್ ಕೆಡದಂತೆ ಒಂದು ಯುಪಿಎಸ್. ಇಷ್ಟಿದ್ದರೆ ಬೆಳಗಾವಿಯ ಉದ್ಯಮಬಾಗದಲ್ಲೋ ಬಾಗಲಕೋಟೆಯ ವಿದ್ಯಾಗಿರಿಯಲ್ಲೋ ಕೂತು ಕೆಲಸ ಶುರು ಮಾಡಬಹುದು.

ಕೆಲಸಕ್ಕೇನೂ ಬರವಿಲ್ಲ. ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ (ಕ್ವಾಂಟಮ್ ಮಾಹಿತಿಯ ಮೂಲ ಘಟಕಗಳ) ಯಂತ್ರಗಳನ್ನು ಸೂಪರ್‌ಕಂಡಕ್ಟಿಂಗ್, ಫೋಟಾನಿಕ್ ಹೀಗೆ ಬೇರೆ ಬೇರೆ ಬಗೆಯಲ್ಲಿ ಕಟ್ಟುವುದು ಅದರ ಗುರಿಗಳಲ್ಲೊಂದು. ಯಂತ್ರದ ಬಗೆ ಬದಲಾದಂತೆ ಕಂಪೈಲರ್‌ನ ಕೊನೆಯ ಅರ್ಧವೂ ಬದಲಾಗಬೇಕು. ಆ ಬದಲಾವಣೆ ಒಂದು ದಿನದ ಕೆಲಸವಾಗುವಂತೆ ಕಟ್ಟಿದ್ದೀರಾ, ಮೂರು ತಿಂಗಳ ಕೆಲಸವಾಗುವಂತೆ ಕಟ್ಟಿದ್ದೀರಾ ಎಂಬುದರ ಮೇಲೆಯೇ ಉಳಿದೆಲ್ಲ ನಿಂತಿದೆ. ಈ ಬರಹ ಗೇಟ್ ಮಾದರಿಯ ಯಂತ್ರಗಳಿಗೆ ಸಂಬಂಧಿಸಿದ್ದು: ಕ್ಯೂಬಿಟ್‌ಗಳ ಮೇಲೆ ಗೇಟ್ ಎಂಬ ಚಿಕ್ಕ ಕ್ರಿಯೆಗಳನ್ನು ಒಂದರ ಹಿಂದೆ ಒಂದು ನಡೆಸುವಂಥವು. ಆ ಗೇಟ್‌ಗಳ ಜೋಡಣೆಯೇ ಸರ್ಕ್ಯೂಟ್.

ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ

ಒಳಗೆ ಬರುವುದು ಓಪನ್‌ಕ್ಯಾಸಂ ಭಾಷೆಯಲ್ಲೋ ಪೈಥಾನ್ ಲೈಬ್ರರಿಯಲ್ಲೋ ಬರೆದ ಪ್ರೋಗ್ರಾಂ. ಅದನ್ನು ಬರೆದವರು ಯಾವ ಕ್ಯೂಬಿಟ್ ಯಾವುದರ ಜೊತೆ ಬೇಕಾದರೂ ಮಾತಾಡಬಹುದು, ಯಾವ ಗೇಟ್ ಬೇಕಾದರೂ ಸಿಗುತ್ತದೆ ಎಂದುಕೊಂಡೇ ಬರೆದಿರುತ್ತಾರೆ. ಯಂತ್ರ ಹಾಗಿಲ್ಲ. ಐಬಿಎಂನ ಹೆರಾನ್ ಸಾಲಿನ ಯಂತ್ರಕ್ಕೆ ಮೂಲತಃ ಗೊತ್ತಿರುವುದು ಆರ್‌ಜೆಡ್, ಎಸ್‌ಎಕ್ಸ್, ಎಕ್ಸ್, ಸಿಜೆಡ್‌ನಂಥ ಕೆಲವೇ ಗೇಟ್‌ಗಳು (ಆರ್‌ಜೆಡ್ ಕೊಟ್ಟ ಕೋನದಷ್ಟು ತಿರುಗಿಸುತ್ತದೆ, ಸಿಜೆಡ್ ಎರಡು ಕ್ಯೂಬಿಟ್‌ಗಳ ಗೇಟ್). ಅದರ ಹೆವಿ-ಹೆಕ್ಸ್ ಜೋಡಣೆಯಲ್ಲಿ ಒಂದು ಕ್ಯೂಬಿಟ್‌ಗೆ ಹೆಚ್ಚೆಂದರೆ ಮೂರು ನೆರೆಯವರು. ಅಯಾನ್ ಟ್ರ್ಯಾಪ್ ಯಂತ್ರದಲ್ಲಿ ಯಾವ ಜೋಡಿಯಾದರೂ ನಡೆಯುತ್ತದೆ, ಆದರೆ ಸೂಪರ್‌ಕಂಡಕ್ಟಿಂಗ್ ಯಂತ್ರದಲ್ಲಿ ಹತ್ತಾರು, ನೂರಾರು ನ್ಯಾನೊಸೆಕೆಂಡಿನಲ್ಲಿ ಮುಗಿಯುವ ಎರಡು ಕ್ಯೂಬಿಟ್ ಗೇಟಿಗೆ ಅಲ್ಲಿ ಹತ್ತಾರು, ನೂರಾರು ಮೈಕ್ರೊಸೆಕೆಂಡ್ ಹಿಡಿಯುತ್ತದೆ.

ಗೇಟ್ ಎಣಿಕೆ ಯಾಕೆ ಇಷ್ಟು ಮುಖ್ಯ? ಒಂದು ಸಿನಾಟ್, ಅಂದರೆ ಕಂಟ್ರೋಲ್ ಕ್ಯೂಬಿಟ್ 1 ಇದ್ದರೆ ಮಾತ್ರ ಇನ್ನೊಂದನ್ನು ತಿರುವಿ ಹಾಕುವ ಎರಡು ಕ್ಯೂಬಿಟ್ ಗೇಟ್, 0.5% ತಪ್ಪುತ್ತದೆ ಎಂದಿಟ್ಟುಕೊಳ್ಳಿ. 200 ಸಿನಾಟ್ ಇರುವ ಸರ್ಕ್ಯೂಟ್ ಒಂದೂ ತಪ್ಪಿಲ್ಲದೆ ಮುಗಿಯುವ ಸಂಭವ 0.995ರ 200ನೇ ಘಾತ, ಅಂದರೆ ಸುಮಾರು 37%. ಅದನ್ನೇ 120ಕ್ಕೆ ಇಳಿಸಿದರೆ 55%. ಯಂತ್ರ ಅದೇ, ಪ್ರೋಗ್ರಾಂ ಅದೇ, ವ್ಯತ್ಯಾಸವೆಲ್ಲ ಕಂಪೈಲರಿನದು.

ಹಂತ 1: ಯಂತ್ರವನ್ನು ಕೋಡಿನಲ್ಲಿ ಬರೆಯಬೇಡಿ, ಕಡತದಲ್ಲಿ ಬರೆಯಿರಿ

ಮೊದಲ ಸಾಲು ಕೋಡ್ ಬರೆಯುವ ಮುಂಚೆ ಯಂತ್ರದ ವಿವರಣೆಯ ಕಡತ ಹೇಗಿರಬೇಕೆಂದು ಕೂತು ತೀರ್ಮಾನಿಸಿ. ಚಿಕ್ಕದೊಂದು ಉದಾಹರಣೆ:

ಯಂತ್ರ: ಸಾಲು-4
ಕ್ಯೂಬಿಟ್: 4
ಜೋಡಿ: 0–1, 1–2, 2–3
ದಿಕ್ಕು: ಎರಡೂ ಕಡೆ
ಗೇಟ್: ಆರ್‌ಜೆಡ್, ಎಸ್‌ಎಕ್ಸ್, ಎಕ್ಸ್, ಸಿನಾಟ್
ನಡುವೆ ಅಳತೆ: ಇದೆ
ಅಳತೆ ನೋಡಿ ಗೇಟ್ ಹಾಕುವುದು: ಇಲ್ಲ
ಕ್ಯಾಲಿಬ್ರೇಷನ್ (ಯಂತ್ರ ಶ್ರುತಿ ಮಾಡಿದ) ವೇಳೆ: ದಿನಾಂಕ, ಗಂಟೆ

ನಿಜವಾದ ಕಡತದಲ್ಲಿ ಪ್ರತಿ ಜೋಡಿಗೂ ಪ್ರತಿ ಗೇಟಿಗೂ ಹಿಡಿಯುವ ಸಮಯ, ತಪ್ಪಿನ ಪ್ರಮಾಣ, ಪ್ರತಿ ಕ್ಯೂಬಿಟ್‌ನ ಟಿ1, ಟಿ2 (ಸ್ಥಿತಿ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ ಎಂಬ ಎರಡು ಅಂಕಿ), ಅಳತೆಯ ತಪ್ಪು, ಗೇಟ್ ನಡೆಸುವ ಪಲ್ಸ್‌ಗಳು ಕೂರಬೇಕಾದ ಗಡಿಯಾರದ ಹೆಜ್ಜೆ ಇಷ್ಟೂ ಇರಬೇಕು. ದಿಕ್ಕಿನ ಕಲಂ ಮರೆಯಬೇಡಿ. ಐಬಿಎಂನ ಈಗಲ್ ಯಂತ್ರಗಳಲ್ಲಿ ಬಳಸಿದ ಇಸಿಆರ್ ಗೇಟ್ ಒಂದೇ ದಿಕ್ಕಿಗೆ ನಡೆಯುವಂಥದ್ದು. ತಿರುಗಿಸಬೇಕೆಂದರೆ ಅಕ್ಕಪಕ್ಕ ಒಂದು ಕ್ಯೂಬಿಟ್ ಗೇಟ್‌ಗಳನ್ನು ಸೇರಿಸಬೇಕು.

ಇಲ್ಲಿ ನಡೆಯುವ ಮಾಮೂಲಿ ತಪ್ಪು ಎಂದರೆ ಪಾಸ್‌ಗಳ (ಸರ್ಕ್ಯೂಟನ್ನು ಒಂದು ಸುತ್ತು ಓದಿ ಬದಲಿಸುವ ಹಂತಗಳ) ಒಳಗೆ ‘ಯಂತ್ರದ ಹೆಸರು ಇದಾದರೆ ಹೀಗೆ ಮಾಡು’ ಎಂಬ ಸಾಲು ನುಗ್ಗುವುದು. ಮೊದಲ ಯಂತ್ರಕ್ಕೆ ಒಂದು, ಎರಡನೆಯದಕ್ಕೆ ಮೂರು, ಐದನೆಯ ಯಂತ್ರ ಬರುವಷ್ಟರಲ್ಲಿ ಯಾರೂ ಮುಟ್ಟಲು ಹೆದರುವ ಕೋಡ್. ತಡೆಯಲು ಒಂದು ಕಟ್ಟುಪಾಡು ಹಾಕಿಕೊಳ್ಳಿ: ಮೊದಲ ದಿನದಿಂದಲೇ ಮೂರು ಕಾಲ್ಪನಿಕ ಯಂತ್ರಗಳಿರಲಿ. ಐದು ಕ್ಯೂಬಿಟ್‌ಗಳ ಸಾಲು, 4×4ರ ಚೌಕ, ಎಂಟು ಕ್ಯೂಬಿಟ್‌ಗಳ ಪೂರ್ಣ ಜೋಡಣೆ. ಯಾವ ಪಾಸ್ ಬರೆದರೂ ಮೂರರ ಮೇಲೂ ಓಡಬೇಕು. ನಾಲ್ಕನೆಯದಾಗಿ ಬೇಕೆಂದೇ ಕೆಡಿಸಿದ ಒಂದು ಯಂತ್ರವೂ ಇರಲಿ: ಒಂದು ಕ್ಯೂಬಿಟ್ ಸತ್ತಿದೆ, ಜೋಡಣೆ ಎರಡು ತುಂಡಾಗಿದೆ. ಇದರ ಮೇಲೆ ಕಂಪೈಲರ್ ಒದ್ದಾಡುತ್ತ ಕೂರದೆ ‘ಮೂರು ಕ್ಯೂಬಿಟ್‌ಗಳಿಂದ ಉಳಿದವಕ್ಕೆ ಹಾದಿಯೇ ಇಲ್ಲ’ ಎಂದು ಹೇಳಿ ನಿಲ್ಲಬೇಕು.

ಹಂತ 2: ಮೂರು ಮಟ್ಟದ ಐಆರ್

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಒಂದು ಎಳೆ ತಪ್ಪಿದರೂ ಸೀರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕಂಪೈಲರಿನ ಒಳರೂಪಗಳೂ (ಐಆರ್, ಅಂದರೆ ಕಂಪೈಲರ್ ತನ್ನೊಳಗೆ ಪ್ರೋಗ್ರಾಮನ್ನು ಬರೆದಿಟ್ಟುಕೊಳ್ಳುವ ರೂಪ) ಹಾಗೇ. ಒಂದೇ ಒಳರೂಪದಲ್ಲಿ ಎಲ್ಲವನ್ನೂ ಹಿಡಿದಿಡುತ್ತೇವೆಂದು ಹೊರಟವರು ಆರು ತಿಂಗಳಲ್ಲಿ ಹಿಂದಿರುಗುತ್ತಾರೆ.

ಮೇಲಿನ ಮಟ್ಟದಲ್ಲಿ ಪ್ರೋಗ್ರಾಮಿನ ಅರ್ಥ ಉಳಿದಿರಬೇಕು: ಲೂಪ್, ಫಂಕ್ಷನ್, ‘ಇದು ಫೋರಿಯರ್ ಟ್ರಾನ್ಸ್‌ಫಾರ್ಮ್’, ‘ಇದು ಸ್ಥಿತಿ ತಯಾರಿಕೆ’ ಎಂಬ ಗುರುತು. ಸಿಕ್ಕಿದ್ದನ್ನೆಲ್ಲ ಬಂದ ಕೂಡಲೇ ಗೇಟ್‌ಗಳಾಗಿ ಬಿಡಿಸಿಬಿಟ್ಟರೆ ಆ ಅರ್ಥ ಮತ್ತೆ ಸಿಗುವುದಿಲ್ಲ. ನಡುವಿನ ಮಟ್ಟ ಗೇಟ್‌ಗಳ ಗ್ರಾಫ್: ಪ್ರತಿ ಗೇಟ್ ಒಂದು ನೋಡ್, ಕ್ಯೂಬಿಟ್‌ಗಳೇ ಗೆರೆಗಳು. ಕೆಳಗಿನ ಮಟ್ಟದಲ್ಲಿ ಪ್ರತಿ ಗೇಟಿಗೂ ಒಂದು ವೇಳೆ, ಒಂದು ಜಾಗ.

ನಡುವಿನ ಮಟ್ಟದಲ್ಲಿ ಕ್ಯೂಬಿಟ್ಟನ್ನು ಹೆಸರಾಗಿ ನೋಡಬೇಡಿ, ಮೌಲ್ಯವಾಗಿ ನೋಡಿ. ಗೇಟ್ ಹಳೆಯ ಮೌಲ್ಯವನ್ನು ನುಂಗಿ ಹೊಸದನ್ನು ಕೊಡುತ್ತದೆ. ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲವಾದ್ದರಿಂದ ಪ್ರತಿ ಮೌಲ್ಯವೂ ಒಂದೇ ಸಲ ಬಳಕೆಯಾಗಬೇಕು. ಎರಡು ಸಲ ಬಳಕೆಯಾದದ್ದು ಕಂಡರೆ ಐಆರ್ ತಪಾಸಿಸುವ ವೆರಿಫೈಯರ್ ಅಲ್ಲೇ ತಡೆಯಲಿ. ಇದೊಂದು ನಿಯಮವೇ ಪಾಸ್ ಬರೆಯುವಾಗಿನ ಎಷ್ಟೋ ತಪ್ಪುಗಳನ್ನು ಹುಟ್ಟುವ ಜಾಗದಲ್ಲೇ ಹಿಡಿದುಕೊಡುತ್ತದೆ.

ಐಆರ್ ಕಟ್ಟಲೆಂದೇ ಇರುವ ಸಿದ್ಧ ಚೌಕಟ್ಟಾದ ಎಂಎಲ್‌ಐಆರ್ ಮೇಲೆ ಕಟ್ಟಬೇಕೇ, ಸ್ವಂತದ್ದು ಬರೆಯಬೇಕೇ? ಎನ್ವಿಡಿಯಾ ಕಂಪನಿಯ ಕುಡಾ-ಕ್ಯೂ, ಕ್ಸನಾಡು ಕಂಪನಿಯ ಕ್ಯಾಟಲಿಸ್ಟ್ ಎಂಬ ಕ್ವಾಂಟಮ್ ಪರಿಕರಗಳೆರಡೂ ಎಂಎಲ್‌ಐಆರ್ ಹಾದಿ ಹಿಡಿದಿವೆ. ಅಳತೆಯ ಫಲ ನೋಡಿ ಮುಂದಿನ ಗೇಟ್ ಹಾಕುವ ಪ್ರೋಗ್ರಾಂಗಳು, ಕ್ಲಾಸಿಕಲ್ ಲೂಪ್‌ಗಳು ನಿಮ್ಮ ಗ್ರಾಹಕರಿಗೆ ಬೇಕೇ ಬೇಕಾದರೆ ಅದೇ ಸರಿ, ಏಕೆಂದರೆ ಕ್ಲಾಸಿಕಲ್ ಭಾಗದ ಕೆಲಸವನ್ನೆಲ್ಲ ಅದು ಪುಕ್ಕಟೆ ಮಾಡಿಕೊಡುತ್ತದೆ. ಬರೀ ಸರ್ಕ್ಯೂಟ್‌ಗಳಾದರೆ, ತಂಡದಲ್ಲಿ ಐದಾರು ಜನರಷ್ಟೇ ಇದ್ದರೆ, ರಸ್ಟ್ ಭಾಷೆಯಲ್ಲಿ ಗ್ರಾಫ್, ಮೇಲೆ ಪೈಥಾನ್ ಹೊದಿಕೆ ಸಾಕು. ಐಬಿಎಂನ ಕಿಸ್‌ಕಿಟ್ ಲೈಬ್ರರಿ ಪೈಥಾನ್‌ನಲ್ಲಿ ಶುರುವಾಗಿ ತನ್ನ ಹೆಚ್ಚು ಹೊತ್ತು ತಿನ್ನುವ ಭಾಗಗಳನ್ನು ರಸ್ಟ್‌ಗೆ ಸಾಗಿಸಿತು. ನೀವು ಆ ಸುತ್ತು ಹಾದಿ ಹಿಡಿಯಬೇಕಿಲ್ಲ.

ಎಂಎಲ್‌ಐಆರ್ ಆರಿಸಿಕೊಂಡರೆ ಒಂದು ಮಾತು. 16 ಜಿಬಿ ಯಂತ್ರದಲ್ಲಿ ಎಂಎಲ್‌ಐಆರ್ ಸೇರಿರುವ ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆಯನ್ನು ಡಿಬಗ್ ಬಿಲ್ಡ್ ಮಾಡಲು ಹೋದರೆ ಲಿಂಕಿಂಗ್ ಹಂತದಲ್ಲಿ ಮೆಮೊರಿ ತುಂಬಿ ಲಿಂಕರ್ ಸಾಯುತ್ತದೆ, ಕಾರಣವನ್ನೂ ನೆಟ್ಟಗೆ ಹೇಳುವುದಿಲ್ಲ. ರಿಲೀಸ್ ಬಿಲ್ಡ್ ಮಾಡಿ, ಅಸರ್ಷನ್‌ಗಳನ್ನು ಮಾತ್ರ ಚಾಲೂ ಇಡಿ, ಎಲ್‌ಎಲ್‌ಡಿ ಲಿಂಕರ್ ಬಳಸಿ, ಒಂದು ಸಲಕ್ಕೆ ಒಂದೇ ಲಿಂಕ್ ಕೆಲಸ ನಡೆಯುವಂತೆ ಮಿತಿ ಹಾಕಿ. ಆವೃತ್ತಿಯನ್ನು ಒಂದೇ ಕಮಿಟ್‌ಗೆ ಕಟ್ಟಿಹಾಕಿ. ಎಂಎಲ್‌ಐಆರ್‌ನ ಸಿ++ ಇಂಟರ್‌ಫೇಸ್ ಆಗಾಗ ಬದಲಾಗುತ್ತದೆ, ‘ಇವತ್ತಿನದೇ ಇರಲಿ’ ಎಂದರೆ ವಾರಕ್ಕೊಂದು ದಿನ ಅದಕ್ಕೇ ಹೋಗುತ್ತದೆ.

ಹಂತ 3: ಓದುವುದು

ಪಾರ್ಸರ್‌ಗೆ ಹೆಚ್ಚು ದಿನ ಕೊಡಬೇಡಿ. ಮೊದಲು ಓಪನ್‌ಕ್ಯಾಸಂ 2, ಆಮೇಲೆ 3ರಲ್ಲಿ ನಿಮಗೆ ಬೇಕಾದಷ್ಟು ಭಾಗ. ಎರಡೇ ಎಚ್ಚರಿಕೆಗಳು. ಕೋನಗಳನ್ನು ದಶಾಂಶವಾಗಿ ಇಡಬೇಡಿ. ಪೈ/4 ಎಂದು ಬಂದದ್ದನ್ನು ‘ಪೈನ 1/4’ ಎಂದು ಭಿನ್ನರಾಶಿಯಾಗೇ ಇಡಿ, ಆಗದಿದ್ದರೆ ಮಾತ್ರ ದಶಾಂಶ. ಇಲ್ಲದಿದ್ದರೆ ನಾಲ್ಕು ಪಾಸ್ ಆದ ಮೇಲೆ 0.7853981ರ ಮುಂದಿನ ಅಂಕಿಗಳು ಸವೆದು, ‘ಇದು ಪೈ/4 ತಿರುವಿನ ಟಿ ಗೇಟ್’ ಎಂದು ಗುರುತಿಸಬೇಕಾದ ಪಾಸ್ ಗುರುತಿಸದೆ ಹೋಗುತ್ತದೆ. ಎರಡನೆಯದು ಬಿಟ್‌ಗಳ ಕ್ರಮ. ಕಿಸ್‌ಕಿಟ್ ಕ್ಯೂಬಿಟ್ 0ಯನ್ನು ಬಲತುದಿಯಲ್ಲಿ ಬರೆಯುತ್ತದೆ, ಗೂಗಲ್‌ನ ಸರ್ಕ್ ಎಡತುದಿಯಲ್ಲಿ. ನಿಮ್ಮ ಕ್ರಮ ಯಾವುದೆಂದು ಒಂದೇ ಕಡೆ ಬರೆದು, ತಿರುಗಿಸುವ ಕೆಲಸ ಹೊಸ್ತಿಲಲ್ಲಿ ಮಾತ್ರ ಮಾಡಿ. ಈ ಕ್ರಮದ ಪರೀಕ್ಷೆಗೆ, ಎಲ್ಲ ಕ್ಯೂಬಿಟ್‌ಗಳನ್ನು ಒಟ್ಟಿಗೆ ಹೆಣೆಯುವ ಜಿಎಚ್‌ಝೆಡ್‌ನಂಥ ಸರ್ಕ್ಯೂಟ್ ಬಳಸಬೇಡಿ. ಅದರ ಉತ್ತರ 0000 ಮತ್ತು 1111, ತಿರುಗಿಸಿದರೂ ಅದೇ, ತಪ್ಪು ಸಿಕ್ಕುವುದೇ ಇಲ್ಲ.

ಹಂತ 4: ಗೇಟ್‌ಗಳನ್ನು ಬಿಡಿಸುವುದು, ಫೇಸ್ ಎಂಬ ಕಳ್ಳ

ಯಂತ್ರಕ್ಕೆ ಗೊತ್ತಿಲ್ಲದ ಗೇಟನ್ನು ಗೊತ್ತಿರುವವುಗಳಾಗಿ ಬಿಡಿಸಲು ನಿಯಮಗಳ ಪಟ್ಟಿ ಬೇಕು. ಎಚ್ ಗೇಟ್ ಎಂದರೆ ಆರ್‌ಜೆಡ್ ಪೈ/2, ಎಸ್‌ಎಕ್ಸ್, ಮತ್ತೆ ಆರ್‌ಜೆಡ್ ಪೈ/2. ಯಾವುದೇ ಒಂದು ಕ್ಯೂಬಿಟ್ ಗೇಟಾದರೂ ಆರ್‌ಜೆಡ್, ಎಸ್‌ಎಕ್ಸ್, ಆರ್‌ಜೆಡ್, ಎಸ್‌ಎಕ್ಸ್, ಆರ್‌ಜೆಡ್ ಎಂಬ ಐದರಲ್ಲಿ ಕೂರುತ್ತದೆ. ಸೂಪರ್‌ಕಂಡಕ್ಟಿಂಗ್ ಯಂತ್ರಗಳಲ್ಲಿ ಆರ್‌ಜೆಡ್‌ಗೆ ಪಲ್ಸೇ ಬೇಡ, ಮುಂದಿನ ಪಲ್ಸ್‌ನ ಫೇಸ್ ತಿರುಗಿಸಿದರೆ ಆಯಿತು. ಹಾಗಾಗಿ ನಿಜವಾದ ಖರ್ಚು ಎರಡು ಎಸ್‌ಎಕ್ಸ್ ಮಾತ್ರ. ಯಾವುದೇ ಎರಡು ಕ್ಯೂಬಿಟ್ ಗೇಟಿಗೆ ಹೆಚ್ಚೆಂದರೆ ಮೂರು ಸಿನಾಟ್. ಎರಡು ಕಂಟ್ರೋಲ್ ಇರುವ ಟೊಫೊಲಿ ಗೇಟಿಗೆ ಆರು ಸಿನಾಟ್, ಏಳು ಟಿ.

ಈ ನಿಯಮಗಳಲ್ಲಿ ಎಷ್ಟೋ ‘ಗ್ಲೋಬಲ್ ಫೇಸ್ ಬಿಟ್ಟರೆ ಸಮ’ ಎಂಬ ಷರತ್ತಿನ ಮೇಲೆ ನಿಂತಿವೆ. ಗ್ಲೋಬಲ್ ಫೇಸ್ ಎಂದರೆ ಇಡೀ ಸ್ಥಿತಿಗೆ ಒಂದೇ ಸಮನಾಗಿ ತಗಲುವ ಕೋನ. ಟಿ ಗೇಟ್ ಮತ್ತು ಆರ್‌ಜೆಡ್ ಪೈ/4 ನಡುವೆ ಪೈ/8ರಷ್ಟು ಗ್ಲೋಬಲ್ ಫೇಸ್ ವ್ಯತ್ಯಾಸ ಇದೆ. ಅಳೆದಾಗ ಅದು ಕಾಣುವುದಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತದೆ. ಆಮೇಲೆ ಯಾರೋ ಅದೇ ಗೇಟಿಗೆ ಕಂಟ್ರೋಲ್ ಸೇರಿಸುತ್ತಾರೆ. ಕಂಟ್ರೋಲ್ ಸೇರಿದ ಕ್ಷಣ ಆ ಫೇಸ್ ಗ್ಲೋಬಲ್ ಆಗಿ ಉಳಿಯದು, ಕಂಟ್ರೋಲ್ ಕ್ಯೂಬಿಟ್‌ನ ಮೇಲೆ ನಿಜವಾದ ಪೈ/8 ತಿರುವಾಗಿ ಬಂದು ಕೂರುತ್ತದೆ. ಕಂಟ್ರೋಲ್ಡ್ ಟಿ ಬೇಕಿದ್ದ ಕಡೆ ಕಂಟ್ರೋಲ್ಡ್ ಆರ್‌ಜೆಡ್ ಹಾಕಿದರೆ ಆ ತಿರುವು ಮಾಯ. ಫೋರಿಯರ್ ಟ್ರಾನ್ಸ್‌ಫಾರ್ಮ್ ತುಂಬ ಇಂಥವೇ ಗೇಟ್‌ಗಳು, ಉತ್ತರ ಮೆಲ್ಲಗೆ ಕೆಡುತ್ತದೆ, ಪೂರಾ ಕೆಡುವುದಿಲ್ಲ. ಎಲ್ಲರೂ ಯಂತ್ರದ ಗದ್ದಲವೆಂದುಕೊಂಡು ಸುಮ್ಮನಾಗುತ್ತಾರೆ.

ಮದ್ದು ಸರಳ. ಪ್ರತಿ ಸರ್ಕ್ಯೂಟಿಗೂ ಗ್ಲೋಬಲ್ ಫೇಸ್ ಎಂಬ ಒಂದು ಸಂಖ್ಯೆ ಐಆರ್‌ನಲ್ಲೇ ಇರಲಿ. ಪ್ರತಿ ನಿಯಮವೂ ಎಷ್ಟು ಫೇಸ್ ಸೇರಿಸಿದೆ ಎಂದು ಅದರಲ್ಲಿ ಲೆಕ್ಕ ಬರೆಯಲಿ. ಕಂಟ್ರೋಲ್ ಸೇರಿಸುವ ಪಾಸ್ ಆ ಸಂಖ್ಯೆಯನ್ನು ಓದಿ ಕಂಟ್ರೋಲ್ ಕ್ಯೂಬಿಟ್‌ಗೆ ಫೇಸ್ ಗೇಟ್ ಹಾಕಲಿ.

ಹಂತ 5: ಕೂರಿಸುವುದು, ಸಾಗಿಸುವುದು

ಇಳಕಲ್‌ನಿಂದ ಬೆಳಗಾವಿಗೆ ನೇರ ಬಸ್ ಸಿಗದಿದ್ದರೆ ಬಾಗಲಕೋಟೆಯಲ್ಲಿ ಇಳಿದು ಬದಲಿಸುತ್ತೀರಿ. ಎರಡು ಕ್ಯೂಬಿಟ್ ನೆರೆಯವರಲ್ಲದಿದ್ದರೆ ಕಂಪೈಲರ್ ಮಾಡುವುದೂ ಅದನ್ನೇ: ಸ್ವಾಪ್ (ಎರಡು ಕ್ಯೂಬಿಟ್‌ಗಳನ್ನು ಅದಲುಬದಲು ಮಾಡುವ ಗೇಟ್) ಹಾಕಿ ಒಂದನ್ನು ಇನ್ನೊಂದರ ಬಳಿಗೆ ತರುತ್ತದೆ. ಒಂದು ಸ್ವಾಪ್ ಎಂದರೆ ಮೂರು ಸಿನಾಟ್. ಪ್ರೋಗ್ರಾಮಿನ ಕ್ಯೂಬಿಟ್‌ಗಳನ್ನು ಮೊದಲಿಗೆ ಯಂತ್ರದ ಯಾವ ಮನೆಯಲ್ಲಿ (ಯಂತ್ರದ ಕ್ಯೂಬಿಟ್‌ನಲ್ಲಿ) ಕೂರಿಸುವುದು ಎಂಬುದು ಲೇಔಟ್, ಆಮೇಲೆ ಹೇಗೆ ಸಾಗಿಸುವುದು ಎಂಬುದು ರೂಟಿಂಗ್.

ಮೇಲಿನ ಸಾಲು-4 ಯಂತ್ರದ ಮೇಲೆ ನಾಲ್ಕು ಕ್ಯೂಬಿಟ್‌ಗಳ ಜಿಎಚ್‌ಝೆಡ್ ಸರ್ಕ್ಯೂಟನ್ನು ಕೈಯಾರೆ ಇಳಿಸಿ ನೋಡೋಣ. ಕ್ಯೂ0 ಮೇಲೆ ಒಂದು ಎಚ್, ಆಮೇಲೆ ಕ್ಯೂ0ಯಿಂದ ಕ್ಯೂ1, ಕ್ಯೂ2, ಕ್ಯೂ3ಕ್ಕೆ ಒಂದೊಂದು ಸಿನಾಟ್. ಬರೆದವರು ಬರೆದದ್ದು ಮೂರೇ ಸಿನಾಟ್.

ಇದ್ದಂತೆ ಕೂರಿಸಿದರೆ, ಕ್ಯೂ0 ಮನೆ 0ರಲ್ಲಿ, ಕ್ಯೂ1 ಮನೆ 1ರಲ್ಲಿ, ಹೀಗೆ. ಮೊದಲ ಸಿನಾಟ್ ನೇರ. ಎರಡನೆಯದಕ್ಕೆ ಮನೆ 0–1 ನಡುವೆ ಸ್ವಾಪ್, ಮೂರನೆಯದಕ್ಕೆ ಮನೆ 1–2 ನಡುವೆ ಸ್ವಾಪ್. ಮೂರಕ್ಕೆ ಆರು ಸೇರಿ ಒಟ್ಟು 9 ಸಿನಾಟ್.

ಅದನ್ನೇ ತಿರುಗಿ ನೋಡಿ. ಮೊದಲ ಸಿನಾಟ್ ಆದ ಕೂಡಲೇ ಅದೇ ಜೋಡಿಯ ಮೇಲೆ ಸ್ವಾಪ್ ಬಂದಿದೆ. ಸ್ವಾಪನ್ನು ಮೂರು ಸಿನಾಟ್‌ಗಳಾಗಿ ಬಿಡಿಸುವಾಗ ಮೊದಲನೆಯದನ್ನು ಅದೇ ದಿಕ್ಕಿಗೆ ಇಟ್ಟರೆ ಎರಡು ಸಿನಾಟ್ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ನಾಲ್ಕಿದ್ದದ್ದು ಎರಡಾಯಿತು. ಎರಡನೆಯ ಸಿನಾಟಿಗೂ ಹಾಗೇ. 2, 2, 1, ಒಟ್ಟು 5.

ಲೇಔಟ್ ಬದಲಿಸಿ. ಕ್ಯೂ0 ಮನೆ 1ರಲ್ಲಿ, ಕ್ಯೂ1 ಮನೆ 0ರಲ್ಲಿ. ಈಗ ಮೊದಲ ಎರಡು ಸಿನಾಟ್ ನೇರ, ಎರಡನೆಯದರ ಬೆನ್ನಿಗೆ ಒಂದೇ ಸ್ವಾಪ್. 1, 2, 1, ಒಟ್ಟು 4.

ಇನ್ನೂ ಒಂದು ದಾರಿ ಇದೆ. ಸಿನಾಟ್‌ಗಳನ್ನು ಸರಪಳಿಯಾಗಿ ಬರೆಯಿರಿ: ಕ್ಯೂ0ಯಿಂದ ಕ್ಯೂ1ಕ್ಕೆ, ಕ್ಯೂ1ರಿಂದ ಕ್ಯೂ2ಕ್ಕೆ, ಕ್ಯೂ2ರಿಂದ ಕ್ಯೂ3ಕ್ಕೆ. ಸ್ವಾಪೇ ಇಲ್ಲ, ಒಟ್ಟು 3. ಆದರೆ ಈ ಎರಡು ಸರ್ಕ್ಯೂಟ್‌ಗಳ ಮ್ಯಾಟ್ರಿಕ್ಸ್ ಒಂದೇ ಅಲ್ಲ. ಎಲ್ಲ ಕ್ಯೂಬಿಟ್ 0ಯಲ್ಲಿ ಶುರುವಾದಾಗ ಫಲ ಒಂದೇ, ಬೇರೆ ಸ್ಥಿತಿಯಿಂದ ಶುರುವಾದರೆ ಹಾಗೆಂದು ನಂಬುವಂತಿಲ್ಲ. ಇದು ಸ್ಥಿತಿ ತಯಾರಿಕೆ ಎಂದು ಗೊತ್ತಿರುವುದು ಮೇಲಿನ ಮಟ್ಟದ ಐಆರ್‌ಗೆ ಮಾತ್ರ. ನಡುವಿನ ಮಟ್ಟಕ್ಕೆ ಇಳಿದ ಮೇಲೆ ಈ ಜಾಣತನ ಮಾಡಲು ಹೋದರೆ ಅದು ತಪ್ಪು. ಮೇಲೆ ಮೂರು ಮಟ್ಟ ಬೇಕೆಂದದ್ದು ಇದಕ್ಕೇ.

ದೊಡ್ಡ ಸರ್ಕ್ಯೂಟಿಗೆ ಕೈಲೆಕ್ಕ ನಡೆಯದು. 2019ರಲ್ಲಿ ಬಂದ ಸೇಬರ್ ಎಂಬ ರೂಟಿಂಗ್ ವಿಧಾನದಿಂದ ಶುರು ಮಾಡಿ. ಮುಂಚಿನ ಗೇಟ್‌ಗಳೆಲ್ಲ ಮುಗಿದು ಸರದಿ ಬಂದ ಗೇಟ್‌ಗಳ ಮುಂಸಾಲು, ಅವುಗಳ ಬೆನ್ನಿಗೆ ಬರುವ 20 ಗೇಟ್‌ಗಳ ಮುನ್ನೋಟ, ಮುನ್ನೋಟಕ್ಕೆ 0.5 ತೂಕ. ಯಾವ ಸ್ವಾಪ್ ಇವುಗಳ ಒಟ್ಟು ದೂರವನ್ನು ಹೆಚ್ಚು ಇಳಿಸುತ್ತದೋ ಅದನ್ನು ಹಾಕುವುದು. ಸರ್ಕ್ಯೂಟನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಓಡಿಸಿದರೆ ಒಳ್ಳೆಯ ಲೇಔಟ್ ತಾನಾಗಿ ಸಿಗುತ್ತದೆ. ಮೂರು ಕಡೆ ಕೈ ಕೊಡುತ್ತದೆ, ಮೊದಲೇ ತಿಳಿದಿರಿ:

ಒಂದು, ಎರಡು ಗೇಟ್‌ಗಳು ಎದುರುಬದುರು ಜಗ್ಗಿ ಅದೇ ಸ್ವಾಪ್ ಹೋಗಿ ಬಂದು ಮಾಡುತ್ತಿರುತ್ತದೆ, ಕಂಪೈಲರ್ ಮುಗಿಯುವುದೇ ಇಲ್ಲ. ಕ್ಯೂಬಿಟ್ ಸಂಖ್ಯೆಯ ಹತ್ತರಷ್ಟು ಸ್ವಾಪ್ ಆದರೂ ಒಂದು ಗೇಟೂ ಮುಂದೆ ಹೋಗದಿದ್ದರೆ ಹಾಕಿದ್ದನ್ನೆಲ್ಲ ಕಿತ್ತು, ಹತ್ತಿರದ ಗೇಟನ್ನು ಅತಿ ಚಿಕ್ಕ ಹಾದಿಯಲ್ಲಿ ಕೈಹಿಡಿದು ಮುಗಿಸಿ ಮುಂದೆ ಸಾಗಿ.

ಎರಡು, ದೂರವನ್ನು ಬರೀ ಹೆಜ್ಜೆಯಲ್ಲಿ ಎಣಿಸಿದರೆ ಕಂಪೈಲರ್ ಕೆಟ್ಟ ಜೋಡಿಯ ಮೇಲೂ ಖುಷಿಯಿಂದ ಹೋಗುತ್ತದೆ. ಯಂತ್ರದ ಕಡತದಲ್ಲಿರುವ ತಪ್ಪಿನ ಪ್ರಮಾಣವನ್ನೇ ಗೆರೆಯ ತೂಕವಾಗಿಸಿ.

ಮೂರು, ರೂಟಿಂಗ್ ಮುಗಿದಾಗ ಕ್ಯೂಬಿಟ್‌ಗಳು ಶುರುವಾದ ಮನೆಯಲ್ಲಿರುವುದಿಲ್ಲ. ಮೇಲಿನ 4 ಸಿನಾಟ್‌ನ ಉದಾಹರಣೆಯಲ್ಲಿ ಕ್ಯೂ0 ಮನೆ 2ಕ್ಕೆ, ಕ್ಯೂ2 ಮನೆ 1ಕ್ಕೆ ಹೋಗಿದೆ. ಕೊನೆಯ ಲೇಔಟನ್ನು ಐಆರ್‌ನಲ್ಲೇ ಬರೆದಿಟ್ಟು ಅಳತೆಗಳನ್ನು ಅದರಂತೆ ತಿರುಗಿಸದಿದ್ದರೆ ಉತ್ತರದ ಬಿಟ್‌ಗಳು ಅದಲುಬದಲು.

ಹಂತ 6: ಕತ್ತರಿ ಕೆಲಸ

ಒಂದು ಕ್ಯೂಬಿಟ್ ಗೇಟ್‌ಗಳ ಸಾಲನ್ನು ಒಂದಾಗಿ ಕೂಡಿಸುವುದು, ಎರಡು ಕ್ಯೂಬಿಟ್‌ಗಳ ಮೇಲೆ ಒತ್ತಾಗಿ ಬಂದ ಗೇಟ್‌ಗಳನ್ನು ಒಂದು ಮ್ಯಾಟ್ರಿಕ್ಸ್ ಮಾಡಿ ಮೂರು ಸಿನಾಟ್‌ಗಳೊಳಗೆ ಮತ್ತೆ ಬರೆಯುವುದು, ಜಾಗ ಬದಲಿಸಿದರೂ ನಡೆಯುವ ಗೇಟ್‌ಗಳನ್ನು ಸರಿಸಿ ಅಳಿಸುವುದು. ಈ ಮೂರು ಪಾಸ್‌ಗಳಿಂದಲೇ ಹೆಚ್ಚಿನ ಲಾಭ ಬರುತ್ತದೆ. ಸರ್ಕ್ಯೂಟನ್ನು ಚಿತ್ರವಾಗಿ ಬರೆದು ಕಿರಿದಾಗಿಸುವ ಝೆಡ್‌ಎಕ್ಸ್ ಕ್ಯಾಲ್ಕುಲಸ್‌ನಂಥವು ಆಮೇಲೆ. ಅವು ಟಿ ಗೇಟ್ ಚೆನ್ನಾಗಿ ಇಳಿಸುತ್ತವೆ, ಕೆಲವು ಸಲ ಸಿನಾಟ್ ಹೆಚ್ಚಿಸಿಬಿಡುತ್ತವೆ.

ಪಾಸ್‌ಗಳನ್ನು ಬದಲಾವಣೆ ನಿಲ್ಲುವವರೆಗೆ ಸುತ್ತು ಹಾಕಿಸಿದಾಗ ಎರಡು ಪಾಸ್‌ಗಳು ಒಂದರ ಕೆಲಸ ಇನ್ನೊಂದು ಕೆಡಿಸುತ್ತ ಜಗಳಕ್ಕೆ ನಿಲ್ಲುವುದುಂಟು. ಪ್ರತಿ ಸುತ್ತಿನ ಕೊನೆಗೆ ಎರಡು ಕ್ಯೂಬಿಟ್ ಗೇಟ್‌ಗಳ ಎಣಿಕೆ, ಆಮೇಲೆ ಆಳ (ಒಂದರ ಹಿಂದೆ ಒಂದು ನಡೆಯಲೇಬೇಕಾದ ಗೇಟ್‌ಗಳ ಸರಣಿಯ ಉದ್ದ), ಆಮೇಲೆ ಒಟ್ಟು ಗೇಟ್ ಈ ಕ್ರಮದಲ್ಲಿ ಹೋಲಿಸಿ. ಕಟ್ಟುನಿಟ್ಟಾಗಿ ಇಳಿಯದಿದ್ದರೆ ಹಿಂದಿನದನ್ನು ಇಟ್ಟುಕೊಂಡು ಹೊರಬನ್ನಿ.

ಹಂತ 7: ವೇಳೆ ಹಚ್ಚುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಗೇಟ್‌ಗಳನ್ನು ಆದಷ್ಟು ತಡವಾಗಿ ನಡೆಸಿ. ಕ್ಯೂಬಿಟ್ 0 ಸ್ಥಿತಿಯಲ್ಲಿ ಕಾಯ್ದರೆ ಕೆಡುವುದು ಕಡಿಮೆ, ಕೆಲಸ ಶುರುವಾದ ಮೇಲೆ ಕಾಯ್ದರೆ ಜಾಸ್ತಿ. ನಡುವೆ ಉಳಿದ ಖಾಲಿ ಹೊತ್ತಿನಲ್ಲಿ ಎಕ್ಸ್ ಪಲ್ಸ್‌ಗಳ ಜೋಡಿ ಹಾಕಿ. ಎಲ್ಲ ವೇಳೆಗಳೂ ಯಂತ್ರದ ಗಡಿಯಾರದ ಹೆಜ್ಜೆಯ ಗುಣಕಗಳಾಗಿರಲಿ, ಇಲ್ಲದಿದ್ದರೆ ಯಂತ್ರ ಕೆಲಸವನ್ನು ತಿರಸ್ಕರಿಸುತ್ತದೆ.

ಮುಂದೆ ದೋಷ ತಿದ್ದುವ ಯಂತ್ರಗಳು ಬಂದಾಗ ಈ ಹಂತದ ಲೆಕ್ಕವೇ ಬೇರೆ. ಅಲ್ಲಿ ಮನಸ್ಸಿಗೆ ಬಂದ ಕೋನದ ಆರ್‌ಜೆಡ್ ಇಲ್ಲ, ಟಿ ಗೇಟ್ ಸೇರಿದ ಗೇಟ್‌ಗಳ ಸರದಲ್ಲಿ ಅಂದಾಜಿಸಬೇಕು. ರಾಸ್ ಮತ್ತು ಸೆಲಿಂಜರ್ ಎಂಬ ಸಂಶೋಧಕರ ವಿಧಾನದಲ್ಲಿ ತಪ್ಪು 10ರ −6ನೇ ಘಾತದಷ್ಟಿರಬೇಕಾದರೆ ಸುಮಾರು 60 ಟಿ, −10ಕ್ಕಾದರೆ ಸುಮಾರು 100. ಸರ್ಕ್ಯೂಟಿಗೆ ಒಟ್ಟು ಇಷ್ಟು ತಪ್ಪು ಸಾಕು ಎಂಬ ಬಜೆಟ್ ತೆಗೆದುಕೊಂಡು ಪ್ರತಿ ತಿರುವಿಗೆ ಹಂಚುವ ಜಾಗವನ್ನು ಈಗಲೇ ಐಆರ್‌ನಲ್ಲಿ ಬಿಟ್ಟಿರಿ.

ಹಂತ 8: ಪ್ರತಿ ಪಾಸಿಗೂ ಒಂದು ಗೇಜ್

ಉದ್ಯಮಬಾಗದ ಮಷಿನ್ ಶಾಪ್‌ನಲ್ಲಿ ಗೋ–ನೋಗೋ ಗೇಜ್ (ಅಳತೆ ಸರಿಯೋ ತಪ್ಪೋ ಎಂದಷ್ಟೇ ಹೇಳುವ ಸಾಧನ) ಹಾಕದೆ ಭಾಗ ಮುಂದಿನ ಟೇಬಲ್ಲಿಗೆ ಹೋಗುವುದಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಸಲ ಪರೀಕ್ಷಿಸಿದರೆ ಯಾವ ಮಷಿನ್ ತಪ್ಪಿತು ಎಂದು ಹುಡುಕುವುದೇ ಕೆಲಸವಾಗುತ್ತದೆ. ಕಂಪೈಲರಿನಲ್ಲೂ ಪ್ರತಿ ಪಾಸಿನ ಹಿಂದುಮುಂದಿನ ಸರ್ಕ್ಯೂಟ್‌ಗಳನ್ನು ಹೋಲಿಸುವ ವ್ಯವಸ್ಥೆ ಬೇಕು. ಕ್ವಾಂಟಮ್‌ನಲ್ಲಂತೂ ಇದು ಇನ್ನೂ ಮುಖ್ಯ, ಏಕೆಂದರೆ ಯಂತ್ರವೇ ತಪ್ಪು ಮಾಡುತ್ತದೆ. ನಿಮ್ಮ ತಪ್ಪು ಅದರ ನೆರಳಲ್ಲಿ ಅಡಗಿ ಕೂರುತ್ತದೆ.

ಎಷ್ಟು ದೊಡ್ಡದನ್ನು ಹೋಲಿಸಬಹುದು? ಪೂರ್ತಿ ಮ್ಯಾಟ್ರಿಕ್ಸ್ ಆದರೆ 12 ಕ್ಯೂಬಿಟ್‌ಗೆ 256 ಎಂಐಬಿ, 14ಕ್ಕೆ 4 ಜಿಐಬಿ (1,024ರ ಲೆಕ್ಕದ ಎಂಬಿ, ಜಿಬಿ). ಬರೀ ಸ್ಥಿತಿ ಆದರೆ 25 ಕ್ಯೂಬಿಟ್‌ಗೆ 512 ಎಂಐಬಿ, 28ಕ್ಕೆ 4 ಜಿಐಬಿ, 30ಕ್ಕೆ 16 ಜಿಐಬಿ, ಅಂದರೆ ಲ್ಯಾಪ್‌ಟಾಪ್ ಅಲ್ಲಿಗೆ ಮುಗಿಯಿತು. ಹಾಗಾಗಿ ಹೀಗೆ ಹಂಚಿ: 10 ಕ್ಯೂಬಿಟ್ ತನಕ ಮ್ಯಾಟ್ರಿಕ್ಸ್, 25ರ ತನಕ ಮನಬಂದಂತೆ ಆರಿಸಿದ ಆರಂಭ ಸ್ಥಿತಿಗಳು, ಅದರಾಚೆಗೆ ಕ್ಲಿಫರ್ಡ್ ಸರ್ಕ್ಯೂಟ್‌ಗಳು. ಎಚ್, ಎಸ್, ಸಿನಾಟ್ ಮಾತ್ರ ಇರುವ ಇಂಥ ಸರ್ಕ್ಯೂಟನ್ನು ಸಾವಿರಾರು ಕ್ಯೂಬಿಟ್‌ಗಳಿದ್ದರೂ ಸಾಮಾನ್ಯ ಕಂಪ್ಯೂಟರಿನಲ್ಲಿ ನಿಖರವಾಗಿ ಓಡಿಸಬಹುದು. 127 ಕ್ಯೂಬಿಟ್‌ಗಳ ರೂಟಿಂಗ್ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮ್ಯೂನಿಕ್ ತಂಡದ ಕ್ಯೂಸಿಇಸಿಯಂಥ ಸಿದ್ಧ ಪರಿಕರವನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ.

ಆರಂಭ ಸ್ಥಿತಿ ಎಲ್ಲ 0 ಇಟ್ಟು ಮಾತ್ರ ಪರೀಕ್ಷಿಸುವುದು ಪರೀಕ್ಷೆಯೇ ಅಲ್ಲ. ಕಂಟ್ರೋಲ್ 0 ಇದ್ದರೆ ಸಿನಾಟ್ ಏನೂ ಮಾಡುವುದಿಲ್ಲ, ಅದನ್ನು ಅಳಿಸಿದರೂ ಗೊತ್ತಾಗದು. ಪ್ರತಿ ಕ್ಯೂಬಿಟ್ಟನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಶುರು ಮಾಡಿ. ಗೇಜನ್ನೇ ಆಗಾಗ ಪರೀಕ್ಷಿಸಿ: ಬೇಕೆಂದೇ ಒಂದು ಗೇಟ್ ಕಿತ್ತು, ಒಂದು ಕೋನಕ್ಕೆ 0.01 ಸೇರಿಸಿ, ಎರಡು ಅಳತೆ ಅದಲುಬದಲು ಮಾಡಿ ಓಡಿಸಿ. ಮೂರರಲ್ಲಿ ಒಂದನ್ನು ಬಿಟ್ಟರೂ ಆ ಪರೀಕ್ಷೆ ಇದ್ದೂ ಇಲ್ಲದಂತೆ.

ಹಂತ 9: ದೊಡ್ಡದಾದಾಗ

ನೂರು ಕ್ಯೂಬಿಟ್‌ಗೆ ಚಂದ ಓಡಿದ್ದು ಹತ್ತು ಸಾವಿರಕ್ಕೆ ಕೂತುಬಿಡುವುದು ಹೆಚ್ಚಾಗಿ ದೂರದ ಪಟ್ಟಿಯಿಂದ. ಎಲ್ಲ ಜೋಡಿಗಳ ದೂರ ಬರೆದಿಟ್ಟರೆ 1,000 ಕ್ಯೂಬಿಟ್‌ಗೆ ಹತ್ತು ಲಕ್ಷ ಅಂಕಿ, ನಾಲ್ಕು ಬೈಟ್‌ನಂತೆ 4 ಎಂಬಿ. 10,000ಕ್ಕೆ 400 ಎಂಬಿ. ಆಗ ಪಟ್ಟಿ ಬಿಟ್ಟು ಬೇಕಾದಾಗ ಎಣಿಸಿ. ಗೇಟ್‌ಗಳನ್ನು ಪೈಥಾನ್ ಆಬ್ಜೆಕ್ಟ್‌ಗಳಾಗಿ ಇಟ್ಟರೆ ಒಂದೊಂದಕ್ಕೂ ನೂರಾರು ಬೈಟ್. ಹತ್ತು ಲಕ್ಷ ಗೇಟ್‌ಗಳನ್ನು 32 ಬೈಟ್‌ನ ಬಿಗಿ ದಾಖಲೆಗಳಾಗಿ ಇಟ್ಟರೆ 32 ಎಂಬಿಯಲ್ಲಿ ಮುಗಿಯುತ್ತದೆ.

ಸೇಬರ್‌ನಂಥ ವಿಧಾನವನ್ನು ಹತ್ತಿಪ್ಪತ್ತು ಬೀಜಸಂಖ್ಯೆಗಳಿಂದ (ಯಾದೃಚ್ಛಿಕ ಆಯ್ಕೆಗಳ ಆರಂಭದ ಅಂಕಿಗಳಿಂದ) ಒಟ್ಟಿಗೆ ಓಡಿಸಿ ಒಳ್ಳೆಯದನ್ನು ಆರಿಸುವುದು ಸುಲಭದ ಲಾಭ. ಆದರೆ ಅದೇ ಬೀಜ ಕೊಟ್ಟರೆ ನಾಲ್ಕು ಕೋರ್‌ನಲ್ಲೂ ಹದಿನಾರು ಕೋರ್‌ನಲ್ಲೂ ಅದೇ ಉತ್ತರ ಬರಬೇಕು. ಬರದಿರಲು ಸಾಮಾನ್ಯ ಕಾರಣ ಹ್ಯಾಶ್ ಮ್ಯಾಪ್. ರಸ್ಟ್‌ನ ಹ್ಯಾಶ್ ಮ್ಯಾಪ್ ಓದುವ ಕ್ರಮ ಪ್ರತಿ ಓಟಕ್ಕೂ ಬದಲಾಗುತ್ತದೆ. ಎರಡು ಸ್ವಾಪ್‌ಗಳ ಅಂಕ ಸಮವಾದಾಗ ಯಾವುದು ಮೊದಲು ಸಿಕ್ಕಿತೋ ಅದೇ ಗೆಲ್ಲುತ್ತದೆ. ಸಮ ಬಂದಾಗ ಚಿಕ್ಕ ಕ್ರಮಸಂಖ್ಯೆ ಗೆಲ್ಲಲಿ ಎಂದು ಬರೆದರೆ ಮುಗಿಯಿತು.

ಕೋನ ಮಾತ್ರ ಬದಲಾಗುವ ಸಾವಿರಾರು ಸರ್ಕ್ಯೂಟ್‌ಗಳನ್ನು ಕೋನ ತಿದ್ದುತ್ತ ಕನಿಷ್ಠ ಶಕ್ತಿ ಹುಡುಕುವ ವಿಕ್ಯೂಇಯಂಥ ಕೆಲಸಗಳು ಕಳಿಸುತ್ತವೆ. ಕೋನವನ್ನು ಹೆಸರಾಗೇ ಇಟ್ಟು ಒಮ್ಮೆ ಕಂಪೈಲ್ ಮಾಡಿ, ಕೊನೆಗೆ ಬೆಲೆ ತುಂಬಿ.

ಹಂತ 10: ಅಂಗಡಿ ತೆರೆಯುವ ಮುಂಚೆ

ಪ್ರತಿ ಬದಲಾವಣೆಗೂ ನಾಲ್ಕನ್ನು ಅಳೆಯಿರಿ: ಎರಡು ಕ್ಯೂಬಿಟ್ ಗೇಟ್‌ಗಳ ಎಣಿಕೆ, ಅವುಗಳ ಆಳ, ಹಿಡಿದ ಸಮಯ, ಹೆಚ್ಚೆಂದರೆ ತಿಂದ ಮೆಮೊರಿ. ಪರೀಕ್ಷೆಯ ಸರ್ಕ್ಯೂಟ್‌ಗಳಿಗೆ ಎಂಕ್ಯೂಟಿ ಬೆಂಚ್, ಕ್ಯಾಸಂಬೆಂಚ್ ಎಂಬ ಸಂಗ್ರಹಗಳಿವೆ. ಹೋಲಿಕೆಗೆ ಕಿಸ್‌ಕಿಟ್‌ನ ಆಪ್ಟಿಮೈಸೇಷನ್ ಮಟ್ಟ 3 ಮತ್ತು ಟಿಕೆಟ್ (tket) ಎಂಬ ಕಂಪೈಲರ್ ಇರಲಿ. ಸರಾಸರಿ ಒಂದನ್ನೇ ನೋಡಬೇಡಿ, ಎಲ್ಲ ಸುಧಾರಿಸಿ ಒಂದೇ ಬಗೆಯ ಸರ್ಕ್ಯೂಟ್ ಎರಡು ಪಟ್ಟು ಕೆಟ್ಟಿರುತ್ತದೆ, ಗ್ರಾಹಕರ ಸರ್ಕ್ಯೂಟ್ ಅದೇ ಆಗಿರುತ್ತದೆ.

ಪಾಸ್ ಕುಸಿದರೆ ಅದರ ಹಿಂದಿನ ಐಆರ್, ಯಂತ್ರದ ಕಡತ, ಬೀಜಸಂಖ್ಯೆ ಮೂರೂ ಒಂದು ಕಡತವಾಗಿ ಉಳಿಯಲಿ. ಗ್ರಾಹಕರು ಸರ್ಕ್ಯೂಟ್ ಹಂಚಿಕೊಳ್ಳಲು ಒಪ್ಪುವುದಿಲ್ಲ, ಅದಕ್ಕೆ ಕೋನಗಳನ್ನು ಅಳಿಸಿ ಗೇಟ್‌ಗಳನ್ನು ಒಂದೊಂದಾಗಿ ಕಿತ್ತು ದೋಷ ಉಳಿಯುವಷ್ಟು ಮಾತ್ರ ಇಡುವ ಚಿಕ್ಕ ಪರಿಕರವನ್ನೂ ಜೊತೆಗೆ ಕೊಡಿ. ಐಆರ್‌ಗೆ ತನ್ನದೇ ಆವೃತ್ತಿ ಸಂಖ್ಯೆ ಇರಲಿ.

ಇನ್ನು ಕ್ಯಾಲಿಬ್ರೇಷನ್. ಸಂಜೆಯ ಅಂಕಿ ನಂಬಿ ಕಂಪೈಲ್ ಮಾಡಿದ ಕೆಲಸ ಸರದಿಯಲ್ಲಿ ಕಾಯ್ದು ಬೆಳಿಗ್ಗೆ ಯಂತ್ರಕ್ಕೆ ಹೋಗುತ್ತದೆ. ಅಷ್ಟರಲ್ಲಿ ಯಂತ್ರವನ್ನು ಮತ್ತೆ ಶ್ರುತಿ ಮಾಡಿರುತ್ತಾರೆ, ನಿನ್ನೆಯ ಒಳ್ಳೆಯ ಜೋಡಿ ಇವತ್ತು ಕೆಟ್ಟಿರುತ್ತದೆ. ಕಂಪೈಲ್ ಆದ ಪ್ರತಿ ಸರ್ಕ್ಯೂಟಿನ ತಲೆಗೂ ಅದು ನಂಬಿದ ಕ್ಯಾಲಿಬ್ರೇಷನ್ ವೇಳೆ ಅಂಟಿಸಿ. ಕಳಿಸುವ ಕ್ಷಣದಲ್ಲಿ ಯಂತ್ರದ ವೇಳೆ ಅದಕ್ಕಿಂತ ಹೊಸದಿದ್ದರೆ ಲೇಔಟ್‌ನ ಅಂಕವನ್ನು ಹೊಸ ಅಂಕಿಗಳಿಂದ ಮತ್ತೆ ಎಣಿಸಿ. 10%ಗಿಂತ ಹೆಚ್ಚು ಕುಸಿದಿದ್ದರೆ ಹಂತ 5ರಿಂದ ಮತ್ತೆ ಓಡಿಸಿ, ಇಲ್ಲದಿದ್ದರೆ ಹಾಗೇ ಕಳಿಸಿ.